ಕೆಂಪಿ ಹಾಲು ಇಳಿಸದ ಕಾಲ

ಹಸು ಕಟ್ಟಿಕೊಂಡವನಿಗೆ ನಗೋ ಸಂಗತಿಗೆ ಬರವಿಲ್ಲ. ಆದರೆ ನನಗೆ ಮೊದಲು ಸಿಟ್ಟು ಬರ್ತದೆ. ನಗು ಆಮೇಲೆ, ನಿಧಾನಕ್ಕೆ.

ಕೆಂಪಿ ನನ್ನ ಹೆಂಡತಿಯ ಹಸು. ಮೇವು ಹಾಕೋಳೂ ಅವಳೇ, ಕರೆಯೋಳೂ ಅವಳೇ. ಅವಳು ತೀರಿಕೊಂಡ ಮಾರನೇ ದಿನದಿಂದ ಕೆಂಪಿ ನನ್ನ ಕೈಗೆ ಹಾಲು ಇಳಿಸಲಿಲ್ಲ. ಕರುವಿಗೆ ಕೊಡ್ತಾಳೆ. ನಾನು ಕೂತರೆ ಬಿಗಿಹಿಡೀತಾಳೆ. ಒದೆಯೋದೂ ಇಲ್ಲ, ತಿರುಗಿ ನೋಡ್ತಾಳೆ. ಒದ್ದಿದ್ದರೆ ವಾಸಿಯಾಗಿತ್ತು.

ಪಾಸು

ಆಗತಾನೆ ನಮ್ಮೂರ ಗೋಮಾಳಕ್ಕೆ ಕಾಂಪೌಂಡ್ ಹಾಕಿ ಕಾರ್ಖಾನೆ ಕಟ್ಟಿದ್ದರು. ದನಗಳಿಗೆ ಯಾರೂ ನೋಟೀಸ್ ಕೊಟ್ಟಿರಲಿಲ್ಲ. ಕೆಂಪಿ ದಿನಾ ಹೋಗಿ ಗೇಟಿನ ಮುಂದೆ ನಿಲ್ಲೋಳು. ಒಂದಿನ ಸೆಕ್ಯುರಿಟಿಯವನು ಲಾಠಿ ಎತ್ತಿದ. ನಾನು ಅಡ್ಡ ನಿಂತೆ.

"ಪಾಸ್ ಇಲ್ದೆ ಯಾರನ್ನೂ ಬಿಡಂಗಿಲ್ಲ," ಅಂದ.

"ಇವಳೂ ಇಲ್ಲೇ ಮೇಯ್ದೋಳು, ಇವಳವ್ವನೂ ಇಲ್ಲೇ ಮೇಯ್ದೋಳು. ನೀನು ಬಂದು ಎಷ್ಟು ದಿನ ಆಯ್ತಪ್ಪ?"

"ಹದಿನೈದು ದಿನ."

"ಹಂಗಾರೆ ಪಾಸು ನೀನು ತೋರ್ಸು."

ಲಾಠಿ ಇಳಿಸಿ ಜೇಬು ತಡಕಾಡಿದ. ಅವನಿಗೂ ಇನ್ನೂ ಪಾಸು ಕೊಟ್ಟಿರಲಿಲ್ಲ.

ಬಂದ ಕಾರಣ

ತಿಂಗಳಾದ ಮೇಲೆ ಅದೇ ಸೆಕ್ಯುರಿಟಿ ನಮ್ಮ ಬಾಗಿಲಿಗೆ ಬಂದ. ಆಫೀಸಿನ ಪೂಜೆಗೆ ಹಸು ಬೇಕಂತೆ. "ಯಜಮಾನ್ರೇ, ನೀವೇ ದೊಡ್ಡ ಮನಸ್ಸು ಮಾಡ್ಬೇಕು."

ಹೋದೆ. ಕೆಂಪಿಗೆ ಹಾರ ಹಾಕಿದರು, ಆರತಿ ಎತ್ತಿದರು. ಮ್ಯಾನೇಜರು ಬೂಟು ಬಿಚ್ಚಿ ಬಾಲ ಕಣ್ಣಿಗೊತ್ತಿಕೊಂಡರು. ಬಿಸಿಲಿಗೆ ಕೆಂಪಿ ನಾಲಿಗೆ ಚಾಚ್ತಿದ್ದಳು.

"ಸಾರ್, ಒಂದು ಬಕೆಟ್ ನೀರು."

"ಪೂಜೆ ಮುಗೀತಲ್ಲ, ಬೇಗ ಆಚೆ ಹೊಡ್ಕೊಂಡು ಹೋಗಿ. ಟೈಲ್ಸ್ ಗಲೀಜಾಗುತ್ತೆ."

ಮೈ ಉರೀತು. ಬಾಗಿಲಲ್ಲಿ ಅಲಂಕಾರಕ್ಕೆ ಅಂತ ಹಿತ್ತಾಳೆ ಬೋಗುಣಿಲಿ ಗುಲಾಬಿ ತೇಲಿಬಿಟ್ಟಿದ್ದರು. ಕೆಂಪೀನ ಅದರ ಮುಂದೆ ನಿಲ್ಲಿಸಿದೆ. ನೀರೂ ಹೋಯ್ತು, ಗುಲಾಬಿಯೂ ಹೋಯ್ತು.

ಗೇಟಲ್ಲಿ ಸೆಕ್ಯುರಿಟಿ ಪುಸ್ತಕ ತುಂಬ್ತಾ ಇದ್ದ. ಓದಿ ಹೇಳು ಅಂದೆ. ಓದಿದ: "ಹೆಸರು: ಕೆಂಪಿ. ಯಾರನ್ನು ನೋಡಬೇಕು: ಮ್ಯಾನೇಜರ್. ಬಂದ ಕಾರಣ: ದೇವರು."

ಲಾರಿ

ಪಕ್ಕದ ಮನೆಯವನು ನನ್ನ ಓರಗೆಯವನು. "ಲೇ, ಕರೆಯಕ್ಕಾಗದ ಹಸು ಯಾಕ್ಲಾ? ಸಾತನೂರಿಗೆ ಕಸಾಯಿಖಾನೆ ಲಾರಿ ಬತ್ತದೆ. ಹತ್ತುಸ್ಬುಡು."

"ನಿಮ್ಮಪ್ಪ ಗೇಯೋದು ಬುಟ್ಟು ಎಷ್ಟು ವರ್ಷ ಆಯ್ತ್ಲಾ?"

"ಎಂಟು."

"ಲಾರಿಗೆ ಹತ್ತಿಸಿದ್ಯಾ?"

ಒಳಗಿಂದ ಅವರಪ್ಪ ಕೂಗಿದ. ಮುದುಕನಿಗೆ ಕಿವಿ ಮಂದ.

"ಯಾವ ಲಾರಿ ಬಂತ್ಲಾ? ತಡೀರ್ಲಾ, ನಾನೂ ಬತ್ತೀನಿ!"

ದನದ ಇಂಜೆಕ್ಷನ್

ಆಮೇಲೊಬ್ಬ ಸೀಸೆ, ಸಿರಿಂಜು ಹಿಡಿದು ಬಂದ. ಡಾಕ್ಟರಲ್ಲ, ಏನೂ ಅಲ್ಲ.

"ಒಂದು ಚುಚ್ಚುದ್ರೆ ಹಾಲು ಸುರೀತದೆ ಕಣಣ್ಣ."

"ಅವಳಿಗೆ ಏನಾಯ್ತದೆ?"

"ಏನಿಲ್ಲ, ಒಸಿ ಹೆರಿಗೆ ನೋವು ಬಂದಂಗೆ."

"ದಿನಕ್ಕೆ ಎಷ್ಟು ಸಲ?"

"ಎಳ್ಡು. ದನ ತಾನೆ ಅಣ್ಣ."

ಸಿರಿಂಜು ಕಿತ್ಕೊಂಡು ಅವನ ತೋಳು ಹಿಡಿದೆ. "ಬಾ, ಮೊದ್ಲು ನಿಂಗೆ."

"ಅಣ್ಣೋ ಬ್ಯಾಡ! ಅದು ದನಕ್ಕೆ ಕೊಡೋದು!"

"ಅದಕ್ಕೇ ನಿಂಗೆ ಚುಚ್ತಾ ಇರೋದು."

ಕೊಸರಿಕೊಂಡು ಓಡಿದ. ಆಮೇಲೆ ನನಗೇ ಬೇಜಾರಾಯ್ತು. ಅವನನ್ನ ದನ ಅನ್ನಬಾರದಿತ್ತು. ಪಕ್ಕದಲ್ಲಿ ಕೆಂಪಿ ಕೇಳಿಸ್ಕೊಂಡಳು.

ಬಯ್ಗುಳ

ವಿರೂಪಾಕ್ಷಿಪುರದಿಂದ ನಾದಿನಿ ಬಂದಳು, ನನ್ನ ಹೆಂಡತಿಯ ತಂಗಿ. ಮಾರನೇ ಬೆಳಿಗ್ಗೆ ವಾಪಸ್ ಊರಿಗೆ ಹೊರಟವಳು ಕೊಟ್ಟಿಗೆಗೆ ಇಣುಕಿದಳು. ನಾನು ಖಾಲಿ ತಂಬಿಗೆ ಹಿಡಿದು ಕೂತಿದ್ದೆ.

"ಭಾವ, ಹಿಂಗೆ ಮೂಗನಂಗೆ ಕೂತ್ರೆ ಅದು ಹಾಲು ಬುಟ್ಟಾದಾ? ಅಕ್ಕ ಕರೆದು ಮುಗ್ಸೋಗಂಟ ಬೈತಿದ್ಲು."

"ಹಸೂನಾ?"

"ಹಸೂನ್ಯಾಕೆ ಬೈತಾಳೆ ಪಾಪ? ನಿಮ್ಮನ್ನ."

ಮೂವತ್ತು ವರ್ಷ ಸಂಸಾರ ಮಾಡಿದ್ದೆ. ನನಗೆ ಗೊತ್ತಿರಲಿಲ್ಲ.

"ಏನಂತ?"

ಎರಡು ಮೂರು ಹೇಳಿಕೊಟ್ಟಳು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

"ಆವಯ್ಯ ಒಂದಿನ ಸಾರು ಚೆಂದಾಗೈತೆ ಅಂದವ್ನಾ? ಕರೆದ್ರೆ ಕಿವುಡನಂಗೆ ಹೋಯ್ತಾನೆ. ಮಾತಾಡಿದ್ರೆ ಬಾಯಿಂದ ಮುತ್ತು ಉದುರೋಯ್ತವಾ?"

ಕೆಂಪಿಯ ಕಿವಿ ಇತ್ತ ತಿರುಗ್ತು. ಆಮೇಲೆ ಮೈ ಸಡಿಲ ಬಿಟ್ಟಳು. ತಂಬಿಗೆಯಲ್ಲಿ ಸರ್ರಂತ ಸದ್ದು. ನನ್ನ ಕಣ್ಣು ಮಂಜಾಯ್ತು. ಬೈಯೋದು ನಿಲ್ಲಿಸಲಿಲ್ಲ.

ಗೋಡೆ ಆಚೆಯಿಂದ ಪಕ್ಕದ ಮನೆಯವನು ಕೂಗಿದ. "ಯಾರ್ನ ಬೈತಿದ್ದೀಯಲಾ?"

"ನನ್ನೇ ಕಣ್ಲಾ!"

"ಒಸಿ ಜೋರಾಗಿ ಬೈಯ್ಲಾ, ನಮ್ಮ ಹಸೂಗೂ ಕೇಳ್ಲಿ!"

ಅರ್ಧ ತಂಬಿಗೆಗೆ ನನ್ನ ಬಯ್ಗುಳ ಮುಗಿದೋಯ್ತು. ಹಾಲೂ ನಿಂತೋಯ್ತು. ಕೆಂಪಿ ತಿರುಗಿ ನೋಡಿದಳು.

"ಇನ್ನೇನೇನು ಬೈತಿದ್ಲವ್ವ?" ಅಂದೆ.

ನಾದಿನಿ ಬಸ್ಸಿಗೆ ಅಂತ ಕಂಕುಳಲ್ಲಿ ಇಟ್ಟಿದ್ದ ಬ್ಯಾಗು ಕೆಳಗಿಳಿಸಿದಳು.

"ಹಂಗಾರೆ ಒಂದು ವಾರ ಇರ್ಬೇಕಾಯ್ತದೆ ಭಾವ."