ಎದುರು ಕಟ್ಟಡದ ಗಡಿಯಾರ

ಹೆಂಡತಿ: ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ. ಅದೂ ದೇವರ ವಿಷಯದಲ್ಲಿ!

ಗಂಡ: ಸುಳ್ಳು ಹೇಳು ಅಂತ ಯಾರಂದ್ರು? ‘ನಮ್ಮನೆಯವರಿಗೆ ದೇವರಲ್ಲಿ ನಂಬಿಕೆ ಇದೆ’ ಅನ್ನು, ಅಷ್ಟೆ.

ಹೆಂಡತಿ: ಅದೇ ಸುಳ್ಳು.

ಗಡಿಯಾರ ರಿಪೇರಿ ಅಂಗಡಿಯ ಹಿಂದಿನ ಕೋಣೆ, ಅದೇ ಅವರ ಮನೆ. ಬಲಗಣ್ಣಿಗೆ ಸಿಕ್ಕಿಸಿಕೊಂಡ ಕಪ್ಪು ಕೊಳವೆಯ ಮಸೂರವನ್ನು ತೆಗೆಯುವುದನ್ನೂ ಗಂಡ ಮರೆತಿದ್ದಾನೆ. ರಸ್ತೆಯಾಚೆಯ ಕಟ್ಟಡದಲ್ಲಿರುವ ಫ್ರೀಮೇಸನ್ ಎಂಬ ಗುಟ್ಟಿನ ಸೋದರ ಸಂಘಕ್ಕೆ ಅವನು ಅರ್ಜಿ ಹಾಕಿದ್ದಾನೆ. ಸೇರುವವನು ದೇವರನ್ನು ನಂಬಬೇಕು ಎಂಬುದು ಅವರ ನಿಯಮ. ಮನೆಗೆ ಬಂದು ಹೆಂಡತಿಯ ಒಪ್ಪಿಗೆ ಕೇಳುವುದು ಅವರ ಪದ್ಧತಿ. ನಾಲ್ಕು ಗಂಟೆಗೆ ಬರುತ್ತಾರೆ. ಈಗ ನಾಲ್ಕಕ್ಕೆ ಐದು ನಿಮಿಷ.

ಹೆಂಡತಿ: ಮೂವತ್ತು ವರ್ಷದಿಂದ ನಾನು ಕೈ ಮುಗಿದಾಗಲೆಲ್ಲ ‘ಛಾವಣಿಗೆ ಯಾಕೆ ಅರ್ಜಿ ಹಾಕ್ತೀಯ’ ಅಂತ ನಕ್ಕೋರು ನೀವು.

ಗಂಡ: ಈಗ ಬುದ್ಧಿ ಬಂತು ಅಂದ್ಕೋ.

ಹೆಂಡತಿ: ಯಾವ ದೇವರನ್ನ ನಂಬಬೇಕಂತೆ?

ಗಂಡ: ಅದನ್ನೆಲ್ಲ ಕೇಳಲ್ಲ. ಮೇಲೊಬ್ಬ ಇದ್ದಾನೆ ಅಂದ್ರೆ ಸಾಕು.

ಹೆಂಡತಿ: ಮನೆ ಬಾಡಿಗೆಗೆ ಕೊಡೋರೂ ಇದಕ್ಕಿಂತ ಹೆಚ್ಚು ವಿಚಾರಿಸ್ತಾರೆ! ಪಕ್ಕದಂಗಡಿ ಟೈಲರ್ ಅಕ್ಕ ಎಲ್ಲ ಹೇಳಿದ್ರು ನಂಗೆ. ಕಣ್ಣಿಗೆ ಬಟ್ಟೆ ಕಟ್ತಾರಂತೆ, ಪ್ಯಾಂಟಿನ ಒಂದು ಕಾಲು ಮಡಚಿಸ್ತಾರಂತೆ, ಆಮೇಲೆ ಮೇಕೆ ಮೇಲೆ ಕೂರಿಸ್ತಾರಂತೆ!

ಗಂಡ: ಮೇಕೆ ಸುಳ್ಳು.

ಹೆಂಡತಿ: ಅಂದ್ರೆ ಮಿಕ್ಕಿದ್ದೆಲ್ಲ ನಿಜ!

ಗಂಡ: ಅದು ಗುಟ್ಟು ಕಣೇ. ನನಗೇ ಇನ್ನೂ ಹೇಳಿಲ್ಲ.

ಹೆಂಡತಿ: ಪಾಪ, ನಿಮಗೆ ಹೇಳಿದ್ರೆ ಅವರೇ ಕೆಡ್ತಾರೆ. ನಿಮ್ಮ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ. ಮತ್ತೆ ಅಲ್ಲಿ ಏಪ್ರನ್ ಬೇರೆ ಕಟ್ಟಿಕೊಳ್ತಾರಂತೆ? ಮನೇಲಿ ಒಂದು ಲೋಟ ತೊಳೆದೋರಲ್ಲ!

ಗಂಡ: ಅದು ಬರೀ ಸಂಕೇತ.

ಹೆಂಡತಿ: ಸಂಕೇತಕ್ಕಾದ್ರೂ ಒಂದಿನ ಇಲ್ಲಿ ಕಟ್ಟಿಕೊಳ್ಳಿ. ಪಾತ್ರೆ ಮಾತ್ರ ನಿಜವಾಗ್ಲೂ ಇವೆ.

ಅಂಗಡಿಯ ಹದಿನಾರು ಗಡಿಯಾರಗಳು ಒಟ್ಟಿಗೆ ನಾಲ್ಕು ಹೊಡೆದವು. ಯಾರೂ ಬರಲಿಲ್ಲ. ಏಳು ನಿಮಿಷ ಕಳೆದ ಮೇಲೆ ಎದುರು ಕಟ್ಟಡದ ಒಳಗಿನಿಂದ ನಿಧಾನವಾಗಿ ನಾಲ್ಕು ಗಂಟೆ ಕೇಳಿಸಿತು. ಗಂಡ ಹಲ್ಲು ಕಚ್ಚಿದ. ಮರುಕ್ಷಣ ಬಾಗಿಲು ಬಡಿದ ಸದ್ದು. ಇಸ್ತ್ರಿ ಮಾಡಿದ ಕೋಟಿನ ಹಿರಿಯರೊಬ್ಬರು ಒಳಗೆ ಬಂದು ಕೂತರು.

ಹಿರಿಯರು: ಸರಿಯಾಗಿ ನಾಲ್ಕು! ನಮ್ಮಲ್ಲಿ ಸಮಯಪಾಲನೆ ಬಹಳ ಮುಖ್ಯ ತಾಯಿ. ನಿಮ್ಮ ಯಜಮಾನರು ನಮ್ಮ ಸಂಘ ಸೇರೋಕೆ ನಿಮ್ಮ ಅಭ್ಯಂತರ ಏನಾದ್ರೂ...?

ಹೆಂಡತಿ: ಮೊದಲು ನನ್ನದೊಂದು ಪ್ರಶ್ನೆ. ಮೇಕೆ ಎಲ್ಲಿ ಕಟ್ಟಿದ್ದೀರಿ?

ಹಿರಿಯರು: ಹೋದ ಮನೇಲೆಲ್ಲ ಮೇಕೆ ಕೇಳ್ತಾರಮ್ಮ. ಒಂದು ಸಾಕಿಬಿಡೋದೇ ವಾಸಿ ಅನ್ನಿಸಿಬಿಟ್ಟಿದೆ. ಅದಿರಲಿ. ನೀವು ಹೇಳಿ ಸ್ವಾಮಿ, ಸೇರಬೇಕು ಅಂತ ಯಾಕನ್ನಿಸ್ತು?

ಗಂಡ: ಮಾನವಕುಲದ ಸೋದರತ್ವ... ಆತ್ಮದ ಉನ್ನತಿ... ಆಮೇಲೆ... ಸ್ವಾಮಿ, ನಿಮ್ಮ ಗಡಿಯಾರ ಏಳು ನಿಮಿಷ ಹಿಂದಿದೆ!

ಹಿರಿಯರು: ಏನಂದ್ರಿ?

ಗಂಡ: ಹನ್ನೊಂದು ವರ್ಷ! ಗಂಟೆಗೊಂದು ಸಲ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತೆ. ಹೊರಗಿನವರನ್ನ ಒಳಗೆ ಬಿಡಲ್ಲ ಅಂತಾರೆ. ಅದಕ್ಕೇ ಒಳಗಿನವನಾಗೋಣ ಅಂತ...

ಹೆಂಡತಿ: ಇಷ್ಟಕ್ಕೇನ್ರೀ ದೇವರನ್ನ ನಂಬೋಕೆ ಹೊರಟಿದ್ದು?

ಹಿರಿಯರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಹಿರಿಯರು: ಅದು ಮುಂಬಾಗಿಲ ಹಜಾರದಲ್ಲೇ ಇದೆಯಲ್ಲ ಸ್ವಾಮಿ! ಪ್ಲಂಬರು ಬರ್ತಾನೆ, ಪೇಂಟರು ಬರ್ತಾನೆ. ಅವರನ್ನ ಯಾರೂ ದೇವರ ಬಗ್ಗೆ ಕೇಳಿಲ್ಲ.

ಗಂಡ: ಮತ್ತೆ ನನ್ನನ್ನ ಯಾಕೆ ಕರೀಲಿಲ್ಲ?

ಹಿರಿಯರು: ಹೆದರಿಕೆ! ಗಂಟೆ ಹೊಡೆದಾಗಲೆಲ್ಲ ಒಕ್ಕಣ್ಣಿಗೆ ಕಪ್ಪು ಕೊಳವೆ ಸಿಕ್ಕಿಸಿಕೊಂಡು ನಮ್ಮ ಕಡೆ ನೋಡ್ತೀರಿ, ಏನೋ ಬರ್ಕೊಳ್ತೀರಿ. ಅಂಗಡಿ ಬರೀ ನೆಪ, ನೀವು ಗುಪ್ತಚರರು ಅಂತ ನಮ್ಮಲ್ಲೆಲ್ಲ ಗುಸುಗುಸು.

ಹೆಂಡತಿ: ಇವರಾ? ಗುಪ್ತಚರರಾ?

ಅವಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಗಂಡ ಮೆಲ್ಲಗೆ ಕಣ್ಣಿನ ಮಸೂರ ತೆಗೆದು ಜೇಬಿಗೆ ಹಾಕಿದ.

ಗಂಡ: ಬರ್ಕೊಂಡಿದ್ದು ನಿಮ್ಮ ಗಡಿಯಾರ ಎಷ್ಟು ಹಿಂದಿದೆ ಅಂತ! ಹಾಗಾದ್ರೆ ನಾನು ಸುಮ್ಮಸುಮ್ಮನೆ ದೇವರನ್ನ ನಂಬಿದ್ನಾ?

ಹಿರಿಯರು: ಅರ್ಜಿ ವಾಪಸ್ ಕೊಡಲಾ?

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೆಂಡತಿ: ಬೇಡ ಸ್ವಾಮಿ, ಇರಲಿ. ನಂಗೆ ಒಪ್ಪಿಗೆ. ಕಣ್ಣಲ್ಲೇ ನೋಡದ ಗಡಿಯಾರ ಒಂದಿನ ತಮ್ಮ ಕೈಲೇ ಸರಿಹೋಗುತ್ತೆ ಅಂತ ಹನ್ನೊಂದು ವರ್ಷ ಕಾದವರು. ಇದು ನಂಬಿಕೆ ಅಲ್ದೆ ಇನ್ನೇನು? ಹಾಗೇ ಬರ್ಕೊಳ್ಳಿ.

ಹಿರಿಯರು ಹಾಗೆಯೇ ಬರೆದುಕೊಂಡು ಎದ್ದರು.

ಹಿರಿಯರು: ಅರ್ಜಿ ವಿಚಾರ ಸಭೆಯಲ್ಲಿ ತೀರ್ಮಾನ ಆಗುತ್ತೆ. ಗಡಿಯಾರಕ್ಕೆ ನಾಳೆಯೇ ಬನ್ನಿ. ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ.

ಗಂಡ: ನಿಮ್ಮ ಹತ್ತೋ, ನನ್ನ ಹತ್ತೋ?

ಹಿರಿಯರು ಕೈ ಮುಗಿದು ಹೊರಟರು. ಅವರು ಮೆಟ್ಟಿಲಿಳಿದು ರಸ್ತೆ ದಾಟುವವರೆಗೆ ಕಾದು ಹೆಂಡತಿ ಗಂಡನ ಕಿವಿಯ ಬಳಿ ಬಗ್ಗಿದಳು.

ಹೆಂಡತಿ: ನಿಮ್ಮ ಹತ್ತಕ್ಕೇ ಹೋಗ್ರೀ. ಏಳು ನಿಮಿಷ ಮುಂಚೆ ಹೋದ್ರೆ, ಮೇಕೆ ಬಚ್ಚಿಡೋಕೆ ಅವರಿಗೆ ಟೈಮ್ ಸಿಗಲ್ಲ.