ಗೀರಣ್ಣನ ಕಂಪ್ಯೂಟರ್ ಹಗುರಾದದ್ದು

ಮದುಮಗನ ಎಡಗಣ್ಣನ್ನು ಅರ್ಧ ಬಿಡಿಸುವಷ್ಟರಲ್ಲಿ ಕಂಪ್ಯೂಟರ್ ನಿಂತುಹೋಯಿತು. ಬಲಗಣ್ಣಿನಲ್ಲಿ ನಗುತ್ತ, ಎಡಗಣ್ಣಿನ ಜಾಗದಲ್ಲಿ ಬೂಷ್ಟು ಹಿಡಿದುಕೊಂಡು ಆ ಮದುಮಗ ಗೀರಣ್ಣನನ್ನೇ ದಿಟ್ಟಿಸುತ್ತಿದ್ದ.

ಹಳೆಯ ಫೋಟೋಗಳ ಗೀರು, ಮಡಿಕೆ, ಬೂಷ್ಟು ಒರೆಸಿ ಹೊಸದು ಮಾಡಿಕೊಡುವುದು ಗೀರಣ್ಣನ ಕಸುಬು. ಓಣಿಯವರು ಇಟ್ಟ ಹೆಸರೂ ಅದರಿಂದಲೇ ಬಂದದ್ದು. ಕಂಪನಿಯವರು ಆಲ್ಬಮ್ ಕಳಿಸುತ್ತಿದ್ದರು, ಇವನು ಮನೆಯ ಮೂಲೆಯಲ್ಲಿ ಕೂತು ಕಂಡವರ ಮದುವೆಗಳನ್ನು ಒರೆಸುತ್ತಿದ್ದ. ಆದರೆ ಈ ಕೆಲಸಕ್ಕೆ ಸೇರಿದಾಗಿನಿಂದ ಕಂಪ್ಯೂಟರ್ ಬಸವನಹುಳುವಿನ ಹಾಗೆ ತೆವಳುತ್ತಿತ್ತು. ದಿನಕ್ಕೊಂದು ಆಲ್ಬಮ್ ಮುಗಿಸುವುದೇ ಪ್ರಾಣಸಂಕಟ. ನಿನ್ನೆ ಮೇಲ್ವಿಚಾರಕಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ನಾಳೆ ಐದು ಗಂಟೆಗೆ ಆಲ್ಬಮ್ ಕೈ ಸೇರದಿದ್ರೆ ನಿಮಗೂ ನಮಗೂ ಇದೇ ಕೊನೆ."

ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಅವನು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ. ಮೆಮೊರಿ ಶೇಕಡಾ ತೊಂಬತ್ತೆಂಟು ಭರ್ತಿ. ಗೀರಣ್ಣ ದೊಡ್ಡದಾಗಿ ನಿಟ್ಟುಸಿರು ಬಿಟ್ಟ.

ಆ ಮನೆಗಳ ಗೋಡೆ ಎಷ್ಟು ತೆಳುವೆಂದರೆ ನಿಟ್ಟುಸಿರು ಕೂಡ ಪಕ್ಕದ ಮನೆಗೆ ಕೇಳಿಸಿತು. ಗೊತ್ತು ಮಾಮ ಕಾಫಿ ಲೋಟದ ಸಮೇತ ಹಾಜರಾದ. ಲೋಕದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದು ಅವನ ನಂಬಿಕೆ.

"ನಂಗೊತ್ತು, ಮೆಮೊರಿ ತುಂಬಿದೆ ಕಣಯ್ಯ. ಫೋಟೋ ಅಳಿಸು, ಜಾಗ ಆಗುತ್ತೆ."

ಕಂಪನಿಯ ಫೋಟೋ ಮುಟ್ಟುವಂತಿರಲಿಲ್ಲ. ಹಾಗಾಗಿ ಗೀರಣ್ಣ ತನ್ನವನ್ನೇ ಅಳಿಸಲು ಕೂತ. ಮಗಳ ಶಾಲೆಯ ಫೋಟೋ ಹೋಯಿತು. ಸಮುದ್ರತೀರದ್ದು ಹೋಯಿತು. ಹೆಂಡತಿ ಒಳಗಿನಿಂದ ಓಡಿಬಂದಳು.

"ರೀ, ಅದು ನಮ್ಮ ಮದುವೇದು!"

"ಕೆಲಸ ಹೋದ್ರೆ ಇದನ್ನ ನೋಡ್ಕೊಂಡು ಅಳ್ಬೇಕಾಗುತ್ತೆ ಕಣೇ."

"ಈಗ ನೋಡದೇ ಅಳ್ತೀನಿ," ಎಂದು ಅವಳು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು.

ಎಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ ನೋಡಿದರೆ ಮತ್ತದೇ ತೊಂಬತ್ತೆಂಟು. ಮಾಮ ಮಾತ್ರ ಜಗ್ಗಲಿಲ್ಲ. ಮೆಮೊರಿ ಸ್ವಚ್ಛ ಮಾಡುವ ಪ್ರೋಗ್ರಾಮ್ ಒಂದನ್ನು ಎಲ್ಲಿಂದಲೋ ಡೌನ್‌ಲೋಡ್ ಮಾಡಿದ. ಪರದೆಯ ಮೇಲೆ ಒಂದು ಪೊರಕೆ ಬಂದು ಅತ್ತಿತ್ತ ಗುಡಿಸತೊಡಗಿತು. ಮೆಮೊರಿ ತೊಂಬತ್ತೊಂಬತ್ತಕ್ಕೇರಿತು.

ಗಲಾಟೆ ಕೇಳಿ ಮೇಲಿನ ಮನೆಯ ಬಸ್ ಕಂಡಕ್ಟರ್ ಇಳಿದುಬಂದ. ವಾರದ ರಜೆಯಲ್ಲೂ ಅವನಿಗೆ ಜನ ಕಂಡರೆ ಸುಮ್ಮನಿರಲಾಗದು.

"ಮಾಮ, ಫೋಟೋ ಅಳಿಸಿ ನೀವು ಖಾಲಿ ಮಾಡಿಸಿದ್ದು ಡಿಪೋನ. ರಶ್ ಇರೋದು ಬಸ್ಸಲ್ಲಿ. ಸುಮ್ನೆ ಕೂತಿರೋರನ್ನೆಲ್ಲ ಇಳಿಸಿ ಗೀರಣ್ಣ."

ತೆರೆದಿದ್ದ ಪ್ರೋಗ್ರಾಮ್‌ಗಳನ್ನು ಒಂದೊಂದಾಗಿ ಮುಚ್ಚುತ್ತ, ಮೊದಲು ಪೊರಕೆಯನ್ನು ಇಳಿಸಿದರು. ಹೆಂಡತಿ ಬ್ರೌಸರಿನಲ್ಲಿ ಸಾಲಾಗಿ ತೆರೆದಿಟ್ಟಿದ್ದ ಕಿಟಕಿ ಪರದೆ ಬಟ್ಟೆಗಳ ಪುಟಗಳನ್ನು ಇಳಿಸಿದರು. "ಹದಿನೈದು ದಿನದಿಂದ ಹೋಲಿಸಿ ನೋಡ್ತಿದ್ದೆ!" ಎಂದು ಅಡುಗೆಮನೆಯಿಂದ ಕೂಗು ಬಂತು. ಮೆಮೊರಿ ತೊಂಬತ್ತಕ್ಕೆ ಇಳಿಯಿತು, ಅಲ್ಲಿಗೆ ನಿಂತಿತು. ಕೊನೆಗೆ ಉಳಿದದ್ದು ಒಂದು ಪ್ರೋಗ್ರಾಮ್. ಹೆಸರು ಬರೀ ಅಕ್ಷರ, ಅಂಕಿಗಳ ಕಲಸುಮೇಲೋಗರ. ಮೆಮೊರಿಯ ಅರ್ಧ ಭಾಗವನ್ನು ಅದೊಂದೇ ನುಂಗಿ ಕೂತಿತ್ತು.

"ಟಿಕೆಟ್ ಇಲ್ದೆ ಹತ್ತಿದೋನು ಇವನೇ!" ಎಂದ ಕಂಡಕ್ಟರ್.

"ನಂಗೊತ್ತು, ವೈರಸ್," ಎಂದ ಮಾಮ.

"ಇರಿ, ಏನು ಅಂತ ನೋಡೋಣ..." ಎಂದು ಗೀರಣ್ಣ ಬಾಯಿ ತೆರೆಯುವಷ್ಟರಲ್ಲಿ ಮಾಮ ಅದನ್ನು ಬುಡಸಮೇತ ಕಿತ್ತುಹಾಕಿದ್ದ.

ಕಂಪ್ಯೂಟರ್ ಒಮ್ಮೆ ಆಫ್ ಆಗಿ ಮತ್ತೆ ಆನ್ ಆಯಿತು. ಮೆಮೊರಿ ಶೇಕಡಾ ನಲವತ್ತು. ಮದುಮಗನ ಕಣ್ಣು ತೆರೆಯಿತು. ಮದುಮಗಳ ಗಲ್ಲದ ಮೇಲಿನ ಗೀರು ಮಾಯವಾಯಿತು. ಹಿಂದಿನ ಸಾಲಿನಲ್ಲಿ ಬೂಷ್ಟಿನಡಿ ಹೂತುಹೋಗಿದ್ದ ನೆಂಟರೆಲ್ಲ ಒಬ್ಬೊಬ್ಬರಾಗಿ ಎದ್ದುಬಂದರು. ಎಷ್ಟೋ ತಿಂಗಳ ಮೇಲೆ ಗೀರಣ್ಣನಿಗೆ ತನ್ನ ಕೆಲಸ ಇಷ್ಟವಾಯಿತು. ನಾಲ್ಕು ಗಂಟೆಗೆಲ್ಲ ಆಲ್ಬಮ್ ಕಳಿಸಿದ. ಹೆಂಡತಿ ಕೂಡ ಸಿಟ್ಟು ನುಂಗಿಕೊಂಡು ಎಲ್ಲರಿಗೂ ಕಾಫಿ ಕೊಟ್ಟಳು.

ಲೋಟ ಕೆಳಗಿಡುವ ಮೊದಲೇ ಮೇಲ್ವಿಚಾರಕಿಯ ಫೋನ್ ಬಂತು.

"ಆಲ್ಬಮ್ ಬಂತು. ತುಂಬಾ ಚೆನ್ನಾಗಿದೆ. ಯಾರ ಕೈಲಿ ಮಾಡಿಸಿದ್ರಿ?"

"ಮೇಡಂ, ನಾನೇ ಮಾಡಿದ್ದು!"

"ಮಧ್ಯಾಹ್ನದಿಂದ ನೀವು ಗೈರುಹಾಜರು ಅಂತಿದೆಯಲ್ಲ. ನೀವು ಸೇರಿದ ದಿನ ನಿಮ್ಮ ಕಂಪ್ಯೂಟರಿಗೆ ನಾವು ಒಂದು ಪ್ರೋಗ್ರಾಮ್ ಹಾಕಿದ್ವಿ. ನೀವು ಕೂತಿದ್ದೀರೋ ಎದ್ದಿದ್ದೀರೋ ನೋಡ್ತಾ ಇರುತ್ತೆ. ಅದೀಗ ಮಾತೇ ಆಡ್ತಿಲ್ಲ."

ಗೀರಣ್ಣ ಕಂಡಕ್ಟರನ ಮುಖ ನೋಡಿದ. ಫೋನಿನ ಮಾತು ಕೇಳಿಸಿಕೊಂಡಿದ್ದ ಕಂಡಕ್ಟರ್ ಮೆಲ್ಲಗೆ, "ಅಯ್ಯೋ, ನಾವು ಇಳಿಸಿದ್ದು ಚೆಕಿಂಗ್ ಇನ್‌ಸ್ಪೆಕ್ಟರನ್ನ," ಎಂದ. ಗೊತ್ತು ಮಾಮ, ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತೆಂದು ಎದ್ದು ಹೋದ.

ಗೀರಣ್ಣ ನಡೆದದ್ದೆಲ್ಲ ಹೇಳಿದ. ಆ ಪ್ರೋಗ್ರಾಮಿನ ಭಾರಕ್ಕೇ ಇಷ್ಟು ದಿನ ಕೆಲಸ ತಡವಾಯಿತು, ಅದಿಲ್ಲದೆ ಎರಡೇ ಗಂಟೆಯಲ್ಲಿ ಆಲ್ಬಮ್ ಮುಗಿಸಿದೆ ಎಂದು ಬಡಬಡಿಸಿದ.

"ಎರಡೇ ಗಂಟೇಲಾ?"

"ಹೌದು ಮೇಡಂ!" ಗೀರಣ್ಣನ ಎದೆ ಸ್ವಲ್ಪ ಉಬ್ಬಿತು.

"ಸರಿ, ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ. ನಾಳೆಯಿಂದ ದಿನಕ್ಕೆ ನಾಲ್ಕು ಆಲ್ಬಮ್ ಕೊಡಿ. ಆ ಪ್ರೋಗ್ರಾಮ್ ಇಲ್ಲಿಂದ ಈಗಲೇ ಮತ್ತೆ ಹಾಕಿಸ್ತೀನಿ. ಹೊಸದು ಬಂದಿದೆ, ಮೌಸ್ ಸ್ವಲ್ಪ ಹೊತ್ತು ಅಲ್ಲಾಡದಿದ್ರೂ ಗೈರುಹಾಜರಿ ಹಾಕುತ್ತೆ. ಸ್ವಲ್ಪ ದೊಡ್ಡದು, ಅಷ್ಟೇ."

ಫೋನ್ ಇಡುವಷ್ಟರಲ್ಲಿ ಮೆಮೊರಿ ತೊಂಬತ್ತೊಂಬತ್ತು. ಮರುದಿನಕ್ಕೆಂದು ಬಂದ ಮೊದಲ ಆಲ್ಬಮ್ ಪರದೆಯ ಮೇಲೆ ಅರ್ಧ ತೆರೆದು ನಿಂತಿತು.

"ಕೆಲಸ ಉಳೀತಲ್ಲ ಬಿಡಿ," ಎಂದಳು ಹೆಂಡತಿ.

ಗೀರಣ್ಣನಿಗೆ ತಲೆಯ ಮೇಲೆ ಕೈ ಹೊತ್ತು ಕೂರಬೇಕೆನ್ನಿಸಿತು. ಆದರೆ ಹಾಗೆ ಕೂತರೆ ಗೈರುಹಾಜರಿ ಬೀಳುತ್ತದೆ. ಅಲುಗದೆ ನಿಂತ ಪರದೆಯ ಮುಂದೆ ಅವನು ಮೌಸನ್ನು ಅತ್ತಿತ್ತ ಆಡಿಸುತ್ತ ಕೂತ.