ಐವತ್ತು ಜನರ ಬಿ.ಪಿ.

ನಮ್ಮ ಪ್ರಿನ್ಸಿಪಾಲರ ಬಿಳಿ ಅಂಗಿಯ ಬೆನ್ನಿಗೆ ಕೆಂಪು ಬಣ್ಣ ಹೇಗೆ ಬಂತು, ಊಹಿಸಿ ನೋಡೋಣ. ಹೋಳಿ ಅನ್ನಬೇಡಿ, ತಮಿಳುನಾಡಿನ ಈ ಮೇಚೇರಿ ಕಡೆ ಯಾರು ಹೋಳಿ ಆಡುತ್ತಾರೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟರಾಗಿ ರಿಟೈರಾದವನು ನಾನು, ಸುಮ್ಮನೆ ಮನೆಯಲ್ಲಿ ಕೂತಿರಬಹುದಿತ್ತು. ನರ್ಸಿಂಗ್ ಅಸಿಸ್ಟೆಂಟ್ ಕೋರ್ಸಿನ, ಎರಡೇ ಕೊಠಡಿಯ ಕಾಲೇಜೊಂದಕ್ಕೆ ಪಾಠ ಹೇಳಲು ಹೋದೆ. ಅಂದಿನಿಂದ ಇಂಥದ್ದು ವಾರಕ್ಕೊಂದಾದರೂ ಆಗುತ್ತದೆ. ತಲೆ ಚಚ್ಚಿಕೊಳ್ಳುತ್ತೇನೆ, ಮರುದಿನ ಮತ್ತೆ ಬಸ್ಸು ಹತ್ತುತ್ತೇನೆ.

೧. ಒಂದೇ ಅಚ್ಚಿನ ಜನ

ಪರೀಕ್ಷೆಗೆ ಮುಂಚೆ ಪ್ರತಿಯೊಬ್ಬರೂ ಐವತ್ತು ಜನರ ಬಿ.ಪಿ. ನೋಡಿ ರೆಕಾರ್ಡ್ ಬರೆಯಬೇಕು. ನಂಗವಳ್ಳಿ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ ಒಂದೇ ದಿನದಲ್ಲಿ ಬರೆದು ತಂದಳು. ಐವತ್ತೂ ಜನಕ್ಕೆ ನೂರಿಪ್ಪತ್ತು-ಎಂಬತ್ತು.

"ಏನಮ್ಮ ಇದು?" ಅಂದೆ.

"ಅದೇ ನಾರ್ಮಲ್ ಅಂತ ನೀವೇ ಹೇಳಿದ್ರಲ್ಲ ಸಾರ್. ಪಾವಂ, ಪಾಪದ ಜನ, ಯಾರ್ಗೂ ಕಾಯಿಲೆ ಬ್ಯಾಡ ಅಂತ ಬರ್ದೆ."

ಪ್ರಿನ್ಸಿಪಾಲರು ಅಷ್ಟೂ ಪುಟಕ್ಕೆ ಗೀಟು ಎಳೆದರು. "ಬುಧವಾರ ಸಂಜೆಯೊಳಗೆ ಐವತ್ತು ನಿಜವಾದ ಮನುಷ್ಯರು ಬೇಕು. ಒಬ್ಬರನ್ನೇ ಎರಡು ಸಲ ಬರೆದರೆ ಪರೀಕ್ಷೆ ಮುಂದಿನ ವರ್ಷ."

ಹುಡುಗಿ ಅತ್ತಳು. ಈ ವರ್ಷ ತಪ್ಪಿದರೆ ಓದು ಸಾಕು, ಮದುವೆ ಎಂದು ಅವಳಪ್ಪ ಮೊದಲೇ ಹೇಳಿದ್ದ.

೨. ಅಜ್ಜಿಯ ತೀರ್ಪು

ಧೈರ್ಯಕ್ಕೆಂದು ನಾನೂ ಅವಳ ಮನೆಗೆ ಹೋದೆ. ಬೀದಿಯವರೆಲ್ಲ ಸುತ್ತ ನಿಂತಿದ್ದರು. ಹುಡುಗಿ ತನ್ನ ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಬಿಟ್ಟಳು.

"ಮಾತ್ರೆ ಎಲ್ಲಮ್ಮಿ?" ಅಂದಳು ಅಜ್ಜಿ.

"ಮಾತ್ರೆ ಇಲ್ಲ ಅವ್ವಾ, ಸುಮ್ನೆ ನೋಡಾದು."

"ನಿಮ್ಮಪ್ಪ ಕುರಿ ಬಾಯಿ ತೆಗ್ದು ನೋಡಿದ್ರೆ ಅದ್ರ ವಯಸ್ಸೆಷ್ಟು ಅಂತಾದ್ರೂ ಹೇಳ್ತಾನೆ. ನೀನು ಕೈ ಇಸುಕಿ ಎದ್ದೋಗ್ತೀಯ. ಇದ್ಕೆ ಎರಡ್ ವರ್ಸ ಓದ್ಬೇಕಾ?"

ಬೀದಿಯವರು ನಕ್ಕು ಚದುರಿದರು. ಆ ದಿನದ ಗಳಿಕೆ, ಒಬ್ಬಳು ಅಜ್ಜಿ.

೩. ಬೆನ್ನಿನ ಗುರುತು

ಬುಧವಾರ ಮೇಚೇರಿ ಸಂತೆಯಲ್ಲಿ ಮೇಜು ಹಾಕಿದೆವು. ಕೂತವರಿಗೆ ಎರಡು ಬಿಸ್ಕತ್ತು ಅಂದದ್ದೇ ತಡ, ಜನ ಮುತ್ತಿಕೊಂಡರು. ಒಬ್ಬ ತಾತ ಮೂರನೇ ಸಲ ಬಂದು ಕೂತಾಗ ನಾನು ರೇಗಿದೆ. ಹುಡುಗಿ ಅವರ ಎರಡನೇ ಸಾಲು ಹೊಡೆದುಹಾಕಿ, "ಇನ್ಮೇಲೆ ಯಾರೂ ಎರಡ್ನೇ ಸಲ ಬರಲ್ಲ ಬುಡಿ ಸಾರ್" ಅಂದಳು.

ನಾನು ಬಿಸ್ಕತ್ತು ತಂದು ನೋಡುತ್ತೇನೆ, ಎದ್ದು ಹೋದವರ ಬೆನ್ನಿಗೆಲ್ಲ ಕೆಂಪು ಬೊಟ್ಟು. ಸೂಜಿಮದ್ದು ಹಾಕಿದ ಕುರಿಗೇ ಮತ್ತೆ ಹಾಕದಂತೆ ಬಳಿಯುತ್ತಾರಲ್ಲ, ಅವಳಪ್ಪನ ಚೀಲದ ಅದೇ ಬಣ್ಣ. ಜನ ಅದೂ ಚಿಕಿತ್ಸೆಯೇ ಎಂದುಕೊಂಡು ತಾವಾಗಿ ಬೆನ್ನು ಕೊಡುತ್ತಿದ್ದರು.

ನಲವತ್ತೊಂಬತ್ತಾಗಿತ್ತು. ಮೇಲ್ವಿಚಾರಣೆಗೆಂದು ಬಂದ ಪ್ರಿನ್ಸಿಪಾಲರು "ಎಲ್ಲಿ, ನನಗೂ ನೋಡು" ಎಂದು ಕೂತರು. ನೋಡಿದಳು, ಬರೆದಳು, ಅವರು ಏಳುವಾಗ ಅಭ್ಯಾಸಬಲದಿಂದ ಬೆನ್ನಿಗೆ ಬೆರಳು ಒತ್ತಿದಳು. ನಾನು ಕಂಡೆ. ಬಿಸ್ಕತ್ತು ಎಣಿಸತೊಡಗಿದೆ.

ಅವರು ಟೀ ಕುಡಿಯಲು ಕುರಿ ಸಾಲಿನತ್ತ ನಡೆದರು. ಸಂತೆಯಲ್ಲಿ ಬೆನ್ನಿಗೆ ಬಣ್ಣ ಬಿದ್ದ ಕುರಿ ಮಾರಾಟವಾದ ಕುರಿ. ಅಲ್ಲೊಬ್ಬ ವ್ಯಾಪಾರಿ ಬಹಳ ಮರ್ಯಾದೆಯಿಂದ ಕೇಳಿದ: "ನಿಮ್ದು ಯಾಪಾರ ಮುಗ್ದೈತಲ್ಲ ಸಾರ್, ಕರ್ಕೊಂಡೋಗಕ್ಕೆ ವಂಡಿ ಇನ್ನೂ ಬರ್ಲಿಲ್ವಾ?"

ಪ್ರಿನ್ಸಿಪಾಲರು ಅಂಗಿ ತಿರುಚಿ ನೋಡಿಕೊಂಡು ಕೆಂಡವಾಗಿ ವಾಪಸು ಬಂದರು. "ಯಾರು ಮಾಡಿದ್ದು ಇದು?"

"ಒಬ್ರನ್ನೇ ಎರಡ್ ಸಲ ಬರೀಬಾರ್ದು ಅಂದ್ರಲ್ಲ ಸಾರ್."

ಅವರು ಸಂತೆಯತ್ತ ನೋಡಿದರು. ಎಲ್ಲೆಲ್ಲೂ ಕೆಂಪು ಬೆನ್ನು. ಅಷ್ಟೊಂದು ಸಾಕ್ಷಿಯನ್ನು ಯಾವ ರೆಕಾರ್ಡಿನಲ್ಲೂ ಅವರು ಕಂಡಿರಲಿಲ್ಲ. ರೆಕಾರ್ಡಿಗೆ ಸಹಿ ಹಾಕಿ, ಕುರ್ಚಿಯಲ್ಲಿ ಕುಸಿದು, "ತಲೆ ಸುತ್ತುತ್ತಿದೆ, ಇನ್ನೊಂದು ಸಲ ಬಿ.ಪಿ. ನೋಡಮ್ಮ" ಅಂದರು.

ಹುಡುಗಿ ರೆಕಾರ್ಡನ್ನು ಎದೆಗವಚಿಕೊಂಡಳು. "ಆಗಲ್ಲ ಸಾರ್, ಗುರುತು ಬಿದ್ದೈತೆ."

ಅದು ಆಡಿ, ಅಂದರೆ ಆಷಾಢದ, ಮೊದಲ ಬುಧವಾರ; ಅಮ್ಮನ ಹಬ್ಬಕ್ಕೆ ಕಡಿಯುವ ಕುರಿಗಳ ಸಂತೆ.